ಬೆಂಗಳೂರಿಗೆ ಬೇಕು ‘ಲೋಕಲ್’ ತರಕಾರಿ, ಹೋಗೋದು ಕೋಲಾರದಿಂದ: ಮತ್ಯಾಕೆ ನಮ್ಮೂರ ಹೆಸರಿಲ್ಲ?

ಕೋಲಾರ: ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಆಗಾಗ ಕಾಣುವ ಪ್ರಶ್ನೆ ಒಂದಿದೆ. ಹತ್ತಿರದಲ್ಲೇ ಬೆಳೆದ, ಔಷಧಿ ಕಮ್ಮಿ ಹೊಡೆದ, ರೈತರಿಂದ ನೇರವಾಗಿ ಬರುವ ತರಕಾರಿ ಎಲ್ಲಿ ಸಿಗುತ್ತೆ?

ಉತ್ತರ ಹತ್ತಿರದಲ್ಲೇ ಇದೆ. ಬೆಂಗಳೂರಿಂದ ಕೋಲಾರ ಸುಮಾರು 70 ಕಿ.ಮೀ., ಮಾಲೂರು ಇನ್ನೂ ಹತ್ತಿರ. ರಾತ್ರಿ ಲೋಡ್ ಆದ ಟೊಮೇಟೊ, ಸೊಪ್ಪು, ಬೀನ್ಸ್, ಹೂಕೋಸು ಬೆಳಗಾಗುವಷ್ಟರಲ್ಲಿ ಕಲಾಸಿಪಾಳ್ಯ, ಕೆ.ಆರ್. ಮಾರುಕಟ್ಟೆ ಸೇರಿರುತ್ತದೆ. ಅಂದ್ರೆ ಅವರು ಹುಡುಕುತ್ತಿರುವ ‘ಲೋಕಲ್’ ಊಟದಲ್ಲಿ ಒಂದು ಪಾಲು ದಿನಾ ನಮ್ಮ ಜಿಲ್ಲೆಯಿಂದಲೇ ಹೋಗ್ತಿದೆ. ಆದರೆ ತಿನ್ನುವವರಿಗೆ ಅದು ಮಾಲೂರಿನದೋ, ಮುಳಬಾಗಿಲಿನದೋ ಗೊತ್ತಾಗಲ್ಲ. ಬೆಳೆದವರಿಗೂ ಯಾರು ತಿಂದರು ಅಂತ ಗೊತ್ತಾಗಲ್ಲ.

ಈ ಅಂತರದಿಂದ ನಷ್ಟ ಯಾರಿಗೆ, ಅದನ್ನು ಕಮ್ಮಿ ಮಾಡೋಕೆ ರೈತರು ಮತ್ತು ಅಂಗಡಿಯವರು ಏನು ಮಾಡಬಹುದು, ಕಾನೂನು ಏನು ಹೇಳುತ್ತೆ ಅನ್ನೋದರ ವಿವರ ಇಲ್ಲಿದೆ.

ಹೆಸರು ಕಳೆದುಹೋಗೋದು ಎಲ್ಲಿ?

ಕೋಲಾರದ ಎಪಿಎಂಸಿ ಟೊಮೇಟೊ ಮಾರುಕಟ್ಟೆಯನ್ನೇ ನೋಡಿ. ಇಲ್ಲಿ ಲೆಕ್ಕ 15 ಕೆ.ಜಿ. ಬಾಕ್ಸ್‌ನದು. ರೈತನ ಲಾಟ್ ಮಂಡಿಗೆ ಬರುತ್ತದೆ, ಹರಾಜಾಗುತ್ತದೆ, ಚೀಟಿ ಕೈಗೆ ಸಿಗುತ್ತದೆ. ಅಲ್ಲಿಯವರೆಗೆ ಮಾಲಿಗೆ ಹೆಸರಿರುತ್ತದೆ. ಖರೀದಿದಾರ ಹತ್ತಾರು ಊರಿನ ಮಾಲನ್ನು ಗಾತ್ರ, ಬಣ್ಣ ನೋಡಿ ಒಟ್ಟು ಸೇರಿಸಿದ ಮೇಲೆ ಊರು, ರೈತ ಎರಡೂ ಮಾಯ. ಉಳಿಯೋದು ‘ಕೋಲಾರ ಟೊಮೇಟೊ’ ಅನ್ನೋ ಒಂದೇ ಹೆಸರು. ಅದೂ ಬೇರೆ ರಾಜ್ಯಕ್ಕೆ ಹೋಗುವ ಲಾರಿಗಳ ಲೆಕ್ಕದಲ್ಲಿ. ಬೆಂಗಳೂರಿನ ತಳ್ಳುಗಾಡಿಯಲ್ಲಿ ಅದು ಬರೀ ಟೊಮೇಟೊ.

ಹೆಸರಿನ ಜೊತೆ ದುಡ್ಡೂ ಹಂಚಿಹೋಗುತ್ತದೆ. ಟೊಮೇಟೊ, ಈರುಳ್ಳಿ, ಆಲೂಗಡ್ಡೆ ಬೆಲೆ ಬಗ್ಗೆ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪತ್ರದ ಪ್ರಕಾರ, ಗ್ರಾಹಕ ಕೊಡುವ ಪ್ರತಿ ರೂಪಾಯಿಯಲ್ಲಿ ರೈತನಿಗೆ ಸೇರೋದು ಟೊಮೇಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ, ಆಲೂಗಡ್ಡೆಯಲ್ಲಿ 37 ಪೈಸೆ. ಬೆಂಗಳೂರಿನ ಮನೆಯವರು ಕೆ.ಜಿ.ಗೆ 30 ರೂಪಾಯಿ ಕೊಟ್ಟರು ಅಂತ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ರೈತನ ಪಾಲು ಹತ್ತೇ ರೂಪಾಯಿ. ಆ ಹತ್ತರಲ್ಲೇ ಸಸಿ, ಗೊಬ್ಬರ, ಕಡ್ಡಿ, ದಾರ, ಔಷಧಿ, ಬಿಡಿಸುವ ಕೂಲಿ ಎಲ್ಲ ನಡೀಬೇಕು.

2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಬೆಲೆ ಬಿದ್ದು ರಸ್ತೆ ಬದಿ ಸುರಿದದ್ದೂ ನೆನಪಿದೆ. ಲಾಟರಿ ಹೊಡೆದಂಗೆ ಬರುವ ದರವನ್ನು ನಂಬಿಕೊಂಡು ಸಂಸಾರ ನಡೆಸೋಕಾಗಲ್ಲ.

ಹಾಗಂತ ಮಂಡಿ ಬೇಡ ಅನ್ನೋದು ಸುಲಭ, ಬಿಡೋದು ಕಷ್ಟ. ಎಷ್ಟೇ ಮಾಲು ತಂದರೂ ತಗೊಳ್ಳೋದು ಮಂಡಿ ಮಾತ್ರ. ಮುಂಗಡ ಕೊಡೋದೂ ಅಲ್ಲೇ. ನೇರ ಮಾರಾಟದಲ್ಲಿ 20 ಬಾಕ್ಸ್ ಹೋಗಬಹುದು, 200 ಬಾಕ್ಸ್ ಹೋಗಲ್ಲ. ಹಾಗಾಗಿ ಮಂಡಿ ಬಿಟ್ಟುಬಿಡಿ ಅಂತ ಯಾರೂ ಹೇಳೋಕಾಗಲ್ಲ. ಬೆಳೆಯಲ್ಲಿ ಒಂದು ಭಾಗವನ್ನಾದರೂ ಹೆಸರು ಹೇಳಿ ಮಾರೋಕೆ ಆಗುತ್ತಾ ಅಂತ ನೋಡಬೇಕು.

ಹಾಲಿಗೆ ಇರುವ ದಾರಿ ತರಕಾರಿಗೆ ಯಾಕಿಲ್ಲ?

ನಮ್ಮ ಜಿಲ್ಲೆಯಿಂದ ದಿನಾ ನಗರಕ್ಕೆ ಹೋಗುವ ಇನ್ನೊಂದು ಪದಾರ್ಥ ಹಾಲು. ಊರ ಡೇರಿಯಲ್ಲಿ ಅಳತೆ, ಫ್ಯಾಟ್ ನೋಡಿ ದರ, ಬ್ಯಾಂಕ್ ಖಾತೆಗೆ ದುಡ್ಡು. ಮೇಲಿಂದ ಸರ್ಕಾರದ ಪ್ರೋತ್ಸಾಹಧನ. ದರ ಸಾಲಲ್ಲ ಅನ್ನೋ ಜಗಳ ಇದ್ದೇ ಇದೆ. ಆದರೆ ನಾಳೆ ಹಾಲು ಯಾರು ತಗೋತಾರೆ ಅನ್ನೋ ಚಿಂತೆ ಇಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರ್‌ಗೆ 4 ರೂಪಾಯಿ ಹೆಚ್ಚಿಸಿದಾಗ ಆ ಹಣ ರೈತರಿಗೆ ಹೋಗುತ್ತೆ ಅಂತ ಸರ್ಕಾರ ಹೇಳಲೇಬೇಕಾಯಿತು. ಕಾರಣ ಇಷ್ಟೆ: ಹಾಲಿನಲ್ಲಿ ರೈತ ಸಂಘದ ಸದಸ್ಯ.

ತರಕಾರಿ, ಹಣ್ಣಿನಲ್ಲೂ ಅಂಥ ಪ್ರಯತ್ನ ಹಳೆಯದೇ. ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಕಾಲದ ಕೆಲಸ ಅದು. ಆಮೇಲೆ ಎಲ್ಲ ಹಣ್ಣು, ತರಕಾರಿಗೂ ವಿಸ್ತರಿಸಿತು. ಸದಸ್ಯ ರೈತರಿಂದ ತೂಕದ ಮೇಲೆ ಖರೀದಿ, ಮಳಿಗೆಗಳಲ್ಲಿ ಬರೆದು ಹಾಕಿದ ದರ. ಹಳೇ ಬೆಂಗಳೂರಿನವರಿಗೆ ‘ರೈತರದ್ದು’ ಅಂದ್ರೆ ಇವತ್ತಿಗೂ ಮೊದಲು ನೆನಪಾಗೋದು ಹಸಿರು ಬಣ್ಣದ ಆ ಮಳಿಗೆ. ಆದರೆ ಹಾಲಿನ ಡೇರಿ ಥರ ಪ್ರತಿ ಊರಿಗೂ ಅದು ಬರಲಿಲ್ಲ. ಹಾಲನ್ನು ತಣ್ಣಗೆ ಮಾಡಿ, ಪುಡಿ ಮಾಡಿ ಇಡಬಹುದು. ಕೊತ್ತಂಬರಿ ಸೊಪ್ಪನ್ನು ಸಂಜೆವರೆಗೆ ಇಡೋದೇ ಕಷ್ಟ.

ನಗರದವರು ಎಲ್ಲೆಲ್ಲಿ ಹುಡುಕುತ್ತಾರೆ?

* ಹಬ್ಬ, ಮೇಳಗಳು: ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಚಳಿಗಾಲದಲ್ಲಿ ಅವರೆಬೇಳೆ ಮೇಳ, ನವೆಂಬರ್‌ನಲ್ಲಿ ಜಿಕೆವಿಕೆಯ ಕೃಷಿ ಮೇಳ. ಕಾಲಕ್ಕೆ ತಕ್ಕ ಪದಾರ್ಥ ಕೊಳ್ಳೋ ಅಭ್ಯಾಸ ನಗರದಲ್ಲಿ ಉಳಿದಿರೋದು ಇಂಥ ಕಡೆ.

* ಸಾವಯವ ಬಳಗಗಳು: ‘ಸಹಜ ಸಮೃದ್ಧ’ ಥರದ ಸಂಸ್ಥೆಗಳು ದೇಸಿ ಬೀಜ, ಸಿರಿಧಾನ್ಯ, ಸಾವಯವ ಬೆಳೆಗಾರರನ್ನು ಗ್ರಾಹಕರ ಜೊತೆ ಸೇರಿಸುವ ಕೆಲಸ ಮಾಡಿಕೊಂಡು ಬಂದಿವೆ. ಬನ್ನೇರುಘಟ್ಟ ರಸ್ತೆ ಕಡೆಯ ‘ರಾಗಿ ಕಣ’ ಭಾನುವಾರದ ಸಂತೆಯಿಂದ ಹೆಸರಾಯಿತು.

* ಅಂಚೆ ಮಾವು: ರಾಜ್ಯ ಮಾವು ಅಭಿವೃದ್ಧಿ ನಿಗಮವು ಅಂಚೆ ಇಲಾಖೆ ಜೊತೆ ಸೇರಿ 2019ರಿಂದ ಬೆಂಗಳೂರಿನ ಮನೆಗಳಿಗೆ 3 ಕೆ.ಜಿ. ಬಾಕ್ಸ್‌ನಲ್ಲಿ ಮಾವು ಕಳಿಸುವ ವ್ಯವಸ್ಥೆ ಮಾಡಿತು. ಆರ್ಡರ್ ಪಡೆದು ಬಾಕ್ಸ್ ತುಂಬಿಸಿ ಕೊಡೋದು ಬೆಳೆಗಾರರೇ.

* ವಾರದ ಬುಟ್ಟಿ: ಮುಂಗಡ ದುಡ್ಡು ಕೊಟ್ಟು, ಆ ವಾರ ತೋಟದಲ್ಲಿ ಏನು ಬಂತೋ ಅದನ್ನೇ ತಗೊಳ್ಳೋ ಪದ್ಧತಿ. ಗ್ರಾಹಕ ಆಯ್ಕೆ ಬಿಟ್ಟುಕೊಡ್ತಾನೆ, ರೈತನಿಗೆ ಖಾತ್ರಿ ಸಿಗುತ್ತೆ.

* ಆನ್‌ಲೈನ್ ಕಂಪನಿಗಳು: ಕಲೆಕ್ಷನ್ ಸೆಂಟರ್ ಇಟ್ಟು ರೈತರಿಂದಲೇ ಕೊಳ್ಳುತ್ತವೆ. ತೂಕ, ದುಡ್ಡು ಸರಿಯಾಗಿದ್ದರೂ ಗ್ರೇಡ್ ಮಾಡಿ ಒಳ್ಳೇದಷ್ಟೇ ತಗೊಳ್ಳೋದರಿಂದ ಉಳಿದ ಮಾಲು ಮತ್ತೆ ಮಂಡಿಗೇ ಬರಬೇಕು.

‘ಲೋಕಲ್’, ‘ನಾಟಿ’, ‘ಸಾವಯವ’: ಮೂರೂ ಬೇರೆ

ಗೊಂದಲ ಜಾಸ್ತಿ ಇರೋದು ಇಲ್ಲೇ. ನಗರದ ಗ್ರಾಹಕರು ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಮಾರುವವರು ಕೆಲವರು ಬೇಕಂತಲೇ ಒಂದೇ ಮಾಡುತ್ತಾರೆ.

ಲೋಕಲ್ ಅಂದ್ರೆ ಹತ್ತಿರ ಬೆಳೆದದ್ದು, ಅಷ್ಟೆ. ದೂರ ಸಾಗಿಸೋದು ತಪ್ಪುತ್ತೆ, ಕೊಳೆಯೋದು ಕಮ್ಮಿ, ರುಚಿ ತಾಜಾ. ಔಷಧಿ ಹೊಡೆದಿದ್ದಾರೋ ಇಲ್ಲವೋ ಅನ್ನೋದಕ್ಕೆ ಇದರಲ್ಲಿ ಉತ್ತರ ಇಲ್ಲ.

ನಾಟಿ ಅಂದ್ರೆ ತಳಿ. ನಾಟಿ ಟೊಮೇಟೊ ಹುಳಿ ಜಾಸ್ತಿ, ತೊಗಟೆ ತೆಳು, ಸಾರಿಗೆ ಚೆನ್ನ. ನಾಟಿ ಕೊತ್ತಂಬರಿ ಘಮ ಜಾಸ್ತಿ. ಆದರೆ ನಾಟಿ ಬೆಳೆಗೂ ಔಷಧಿ ಹೊಡೆಯಬಹುದು, ಹೊಡೆಯುತ್ತಾರೆ.

ಸಾವಯವ ಅನ್ನೋದು ಮಾತ್ರ ಬೆಳೆಯುವ ವಿಧಾನದ ಬಗ್ಗೆ. ಇದಕ್ಕೆ ಕಾನೂನೂ ಇದೆ.

ಈ ಮೂರರ ನಡುವೆ ನಮ್ಮಲ್ಲಿ ಹಳೇ ಗುರುತೊಂದಿದೆ: ಬೆರಕೆ ಸೊಪ್ಪು. ಹೊಲದ ಬದುವಲ್ಲಿ, ರಾಗಿ ಸಾಲಲ್ಲಿ ತಾನಾಗೇ ಹುಟ್ಟುವ ಹತ್ತಾರು ಸೊಪ್ಪು ಕಿತ್ತು ತಂದು ಮಸ್ಸೊಪ್ಪು ಮಾಡೋದು ಕೋಲಾರ ಸೀಮೆಯ ರೂಢಿ. ಕಳೆನಾಶಕ ಹೊಡೆದ ಹೊಲದಲ್ಲಿ ಅದು ಬರಲ್ಲ. ನಗರದ ಸಂತೆಗಳಲ್ಲಿ ಬೆರಕೆ ಸೊಪ್ಪು ಕೇಳಿ ಕೊಳ್ಳುವವರು ಇದ್ದಾರೆ. ಆದರೆ ಔಷಧಿ ಹೊಡೆದ ತೋಟದ ಬದುವಿನಿಂದ ಕಿತ್ತ ಸೊಪ್ಪನ್ನು ಮಾರೋದು ಮೋಸ ಆಗುತ್ತೆ.

‘ಆರ್ಗ್ಯಾನಿಕ್’ ಅಂತ ಬೋರ್ಡ್ ಹಾಕೋಕೆ ಏನು ಬೇಕು?

ರಾಜ್ಯದಲ್ಲಿ ಸಾವಯವ ಕೃಷಿ ನೀತಿ ಬಂದದ್ದು 2004ರಲ್ಲಿ. ಮಾರಾಟದ ನಿಯಮ ಬಿಗಿಯಾದದ್ದು ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2017ರಲ್ಲಿ ಸಾವಯವ ಆಹಾರದ ನಿಯಮಾವಳಿ ತಂದ ಮೇಲೆ. ಅದರ ಪ್ರಕಾರ ‘ಸಾವಯವ’ ಅಂತ ಮಾರೋಕೆ ಎರಡು ದಾರಿ ಇದೆ.

1. ಎನ್‌ಪಿಒಪಿ: ಹೊರಗಿನ ಸಂಸ್ಥೆಯವರು ಬಂದು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ರಫ್ತಿಗೆ ಇದೇ ಬೇಕು. ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯಲ್ಲೂ ಮಾಡಿಸಬಹುದು. ದಾಖಲೆ ಜಾಸ್ತಿ.

2. ಪಿಜಿಎಸ್-ಇಂಡಿಯಾ: ಅಕ್ಕಪಕ್ಕದ ಕನಿಷ್ಠ 5 ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಪದ್ಧತಿ. ಖರ್ಚು ಕಮ್ಮಿ. ದೇಶದೊಳಗಿನ ಮಾರಾಟಕ್ಕೆ ಸಾಕು. ಗುಂಪಿನಲ್ಲಿ ಒಬ್ಬ ಸುಳ್ಳು ಹೇಳಿದರೂ ಎಲ್ಲರ ಹೆಸರಿಗೆ ಪೆಟ್ಟು.

ಎರಡರಲ್ಲೂ ಪರಿವರ್ತನೆಯ ಅವಧಿ ಇರುತ್ತೆ. ರಾಗಿ, ತರಕಾರಿಯಂಥ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ಮಾವಿನಂಥ ಬಹುವಾರ್ಷಿಕಕ್ಕೆ 3 ವರ್ಷ. ಪಿಜಿಎಸ್‌ನಲ್ಲಿ ಈ ಅವಧಿಯ ಮಾಲಿಗೆ ‘ಪಿಜಿಎಸ್-ಗ್ರೀನ್’ ಅನ್ನುತ್ತಾರೆ. ಪ್ರಮಾಣಪತ್ರ ಇದ್ದ ಪ್ಯಾಕೆಟ್ ಮೇಲೆ ‘ಜೈವಿಕ್ ಭಾರತ್’ ಗುರುತು ಇರುತ್ತದೆ.

ಸಣ್ಣ ರೈತರಿಗೆ ಒಂದು ವಿನಾಯಿತಿ ಇದೆ. ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ಬೆಳೆಗಾರ ತಾನೇ ನೇರವಾಗಿ ತಿನ್ನುವವರಿಗೆ ಮಾರಿದರೆ ಪ್ರಮಾಣಪತ್ರ ಕಡ್ಡಾಯ ಅಲ್ಲ. ಆದರೆ ಜೈವಿಕ್ ಭಾರತ್ ಗುರುತು ಹಾಕೋ ಹಾಗಿಲ್ಲ. ಅದೇ ಮಾಲನ್ನು ಅಂಗಡಿಯವರು ಕೊಂಡು ‘ಆರ್ಗ್ಯಾನಿಕ್’ ಅಂತ ಬೋರ್ಡ್ ಹಾಕಿ ಮಾರಿದರೆ ಅದು ನೇರ ಮಾರಾಟ ಅನ್ನಿಸಿಕೊಳ್ಳಲ್ಲ. ಅಂಗಡಿಯವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಮಾವಿಗೆ ಇನ್ನೊಂದು ಮಾತು. ಕಾರ್ಬೈಡ್ ಹಾಕಿ ಹಣ್ಣು ಮಾಡೋದು ನಿಷಿದ್ಧ. ಎಥಿಲೀನ್ ಅನಿಲಕ್ಕೆ ನಿಗದಿತ ಮಿತಿಯೊಳಗೆ ಅವಕಾಶ ಇದೆ. ಹುಲ್ಲಿನಲ್ಲಿ ಅಡೆ ಹಾಕಿದ ಹಣ್ಣು ಅಂತ ಹೇಳಿ ಮಾರುವವರು ನಿಜವಾಗಲೂ ಹಾಗೇ ಮಾಡಿರಬೇಕು.

ನೀರಿನ ಪ್ರಶ್ನೆ ಬಂದೇ ಬರುತ್ತೆ

‘ಕೋಲಾರದ್ದು’ ಅಂತ ಹೇಳಿದ ಕೂಡಲೇ ತಿಳಿದ ಗ್ರಾಹಕರು ಕೇಳೋದು ಕೆ.ಸಿ. ವ್ಯಾಲಿ ಬಗ್ಗೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಈ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅದೇ ವರ್ಷ ನೊರೆ ಕಾಣಿಸಿಕೊಂಡು ಗಲಾಟೆಯಾಗಿ ಕೋರ್ಟ್ ಮೆಟ್ಟಿಲು ಹತ್ತಿತು. ಉದ್ದೇಶ ಅಂತರ್ಜಲ ಹೆಚ್ಚಿಸೋದು, ಕೆರೆಯಿಂದ ನೇರವಾಗಿ ಹೊಲಕ್ಕೆ ಪಂಪ್ ಮಾಡೋದಲ್ಲ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ ಅನ್ನೋ ರೈತರೂ ಇದ್ದಾರೆ. ಮೂರನೇ ಹಂತದ ಸಂಸ್ಕರಣೆ ಮಾಡಲೇಬೇಕು ಅನ್ನೋ ಹೋರಾಟವೂ ನಿಂತಿಲ್ಲ.

ತರಕಾರಿ ತಿನ್ನೋ ನಗರವೇ ಕಳಿಸಿದ ನೀರು ಇದು. ಹಾಗಾಗಿ ಮೂರನೇ ಹಂತದ ಸಂಸ್ಕರಣೆ ಕೇಳಬೇಕಾದವರಲ್ಲಿ ಬೆಂಗಳೂರಿನ ಗ್ರಾಹಕರೂ ಸೇರುತ್ತಾರೆ. ನೇರ ಮಾರಾಟ ಮಾಡುವ ರೈತರು ಬೋರ್‌ವೆಲ್ ನೀರು, ಮಣ್ಣಿನ ಪರೀಕ್ಷೆ ಮಾಡಿಸಿ ಆ ವರದಿ ಕೈಯಲ್ಲಿ ಇಟ್ಟುಕೊಂಡರೆ, ಪ್ರಶ್ನೆ ಬಂದಾಗ ಬಾಯಿಮಾತಿಗಿಂತ ಕಾಗದ ತೋರಿಸಬಹುದು.

ಯಾವುದರಿಂದ ಶುರು ಮಾಡೋದು ಲೇಸು?

ಟೊಮೇಟೊ, ಸೊಪ್ಪಿಂದ ಶುರು ಮಾಡಿದವರು ಬೇಗ ಕೈಸುಟ್ಟುಕೊಳ್ಳುತ್ತಾರೆ. ಒಂದು ದಿನ ಗಾಡಿ ಕೆಟ್ಟರೆ ಮಾಲು ಕೆಟ್ಟಿತು. ಇಟ್ಟರೂ ಹಾಳಾಗದ ಪದಾರ್ಥವೇ ಮೊದಲ ಹೆಜ್ಜೆಗೆ ವಾಸಿ.

ರಾಗಿ ಅದರಲ್ಲಿ ಮೊದಲನೇದು. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದ ಕಾಳು ಇದು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದ್ರೆ ಕೆ.ಜಿ.ಗೆ 49 ರೂಪಾಯಿ ಹತ್ತಿರ. ಕ್ಲೀನ್ ಮಾಡಿದ ರಾಗಿ, ಹಿಟ್ಟು, ಹುರಿಹಿಟ್ಟು, ಮೊಳಕೆ ಕಟ್ಟಿದ ರಾಗಿ ಹಿಟ್ಟು ಮಾಡಿ ಮಾರೋದಾದರೆ ಈ ದರವನ್ನು ತಳದ ಲೆಕ್ಕವಾಗಿ ಇಟ್ಟುಕೊಳ್ಳಬಹುದು. ಹುರುಳಿ, ತೊಗರಿ, ಒಣ ಅವರೆಬೇಳೆ, ಕಡಲೆಕಾಯಿ, ಹುಣಸೆಹಣ್ಣು ಇದೇ ಸಾಲಿಗೆ ಸೇರುತ್ತವೆ.

ಎರಡನೇದು ಮಾವು. ಶ್ರೀನಿವಾಸಪುರದ ಹೆಸರು ನಗರಕ್ಕೆ ಗೊತ್ತು. ಆದರೆ ತಳಿ ನೋಡಬೇಕು. ತೋತಾಪುರಿ ಹೆಚ್ಚಾಗಿ ತಿರುಳಿನ ಕಾರ್ಖಾನೆಗೆ ಹೋಗುವ ಹಣ್ಣು. 2025ರ ಜೂನ್‌ನಲ್ಲಿ ಅದರ ಬೆಲೆ ಬಿದ್ದಾಗ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಇಟ್ಟು 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡೋಕೆ ಒಪ್ಪಬೇಕಾಯಿತು. ಮನೆಗಳಿಗೆ ಬಾಕ್ಸ್ ಕಳಿಸೋಕೆ ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಷಾ ಇದ್ದವರಿಗೇ ಅನುಕೂಲ.

ಇವೆರಡರಲ್ಲಿ ಗ್ರಾಹಕರು ಗಟ್ಟಿಯಾದ ಮೇಲೆ ಅದೇ ಗಾಡಿಯಲ್ಲಿ ಸೊಪ್ಪು, ತರಕಾರಿ ಸೇರಿಸಬಹುದು.

ಅಂಗಡಿಯವರಿಗೆ ಇದರಲ್ಲಿ ಏನಿದೆ?

ರೈತನಿಗೆ ಬೆಳೆಯೋದು ಗೊತ್ತು. ಪ್ಯಾಕ್ ಮಾಡೋದು, ಬಿಲ್ ಹಾಕೋದು, ಫೋನ್‌ಗೆ ಉತ್ತರ ಕೊಡೋದು ಅಂಗಡಿಯವರ ಕೈಗೆ ಪಳಗಿದ ಕೆಲಸ. ತಾಲ್ಲೂಕಿನ ಒಂದು ದಿನಸಿ ಅಂಗಡಿಯೇ ಐದಾರು ರೈತರ ಮಾಲು ಸೇರಿಸುವ ಜಾಗ ಆಗಬಹುದು. ಅಂತರಗಂಗೆ, ಕೋಟಿಲಿಂಗೇಶ್ವರ, ಆವಣಿ, ಕುರುಡುಮಲೆಗೆ ಬರುವ, ಮುಳಬಾಗಿಲಲ್ಲಿ ದೋಸೆಗೆ ನಿಲ್ಲುವ ಬೆಂಗಳೂರಿನವರ ಕಾರು ವಾಪಸ್ ಹೋಗುವಾಗ ಡಿಕ್ಕಿ ಖಾಲಿಯೇ ಇರುತ್ತದೆ. ಹೈವೇ ಪಕ್ಕದ ಅಂಗಡಿಯಲ್ಲಿ ‘ಈ ವಾರದ ನಮ್ಮೂರ ಬೆಳೆ’ ಅಂತ ಊರಿನ ಹೆಸರು, ಕೊಯ್ದ ದಿನ ಬರೆದ ಒಂದು ಹಲಗೆ ಇಡೋಕೆ ಖರ್ಚೇನೂ ಇಲ್ಲ.

ಪ್ಯಾಕೆಟ್ ಮಾಡಿ ಮಾರೋದಾದರೆ ನಿಯಮ ತಪ್ಪಿಸೋ ಹಾಗಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕು. ಪ್ಯಾಕೆಟ್ ಮೇಲೆ ಪದಾರ್ಥದ ಹೆಸರು, ತಯಾರಿಸಿದವರ ಹೆಸರು-ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ದೂರಿಗೆ ಫೋನ್ ನಂಬರ್ ಇರಬೇಕು.

ಹಿಟ್ಟಿನ ಮಿಲ್, ಟೊಮೇಟೊ ಸಾಸ್ ಥರದ ಸಣ್ಣ ಘಟಕಕ್ಕೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು. ಇದರಲ್ಲಿ ಕೋಲಾರಕ್ಕೆ ಗುರುತಿಸಿದ ಬೆಳೆ ಟೊಮೇಟೊ. ಅರ್ಜಿಗೆ ಮುಂಚೆ ಈಗಿನ ನಿಯಮ, ಗಡುವು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಬೇಕು.

ಐದು ಜನ ಸೇರಿದರೆ ಹೀಗೆ ಶುರು ಮಾಡಬಹುದು

* ಮೊದಲು ಗುಂಪು. 5 ರೈತರು, ಜೊತೆಗೊಬ್ಬ ಅಂಗಡಿಯವರು. ದೊಡ್ಡದಾದ ಮೇಲೆ ರೈತ ಉತ್ಪಾದಕ ಕಂಪನಿ ಯೋಚನೆ ಮಾಡಬಹುದು.

* ಒಂದೇ ಅಪಾರ್ಟ್‌ಮೆಂಟ್, ವಾರಕ್ಕೆ ಒಂದೇ ದಿನ. ಊರಿನ ನೆಂಟರು, ಬೆಂಗಳೂರಲ್ಲಿ ಕೆಲಸದಲ್ಲಿರುವ ಹುಡುಗರ ಮೂಲಕ ಅಲ್ಲಿನ ಸಂಘದವರ ಅನುಮತಿ ಪಡೆಯೋದು ಸುಲಭ.

* ಆರ್ಡರ್ ಬಂದ ಮೇಲೆ ಕೊಯ್ಲು. ಎರಡು ದಿನ ಮುಂಚೆ ಆರ್ಡರ್ ತಗೊಂಡರೆ ಉಳಿಯೋದು ಕಮ್ಮಿ.

* ತಿಂಗಳಿಗೊಂದು ದರ. ಮಂಡಿ ದರ ಏರಿದಾಗ ಗ್ರಾಹಕರ ಕೈಬಿಟ್ಟರೆ, ಇಳಿದಾಗ ಅವರೂ ಕೈಬಿಡ್ತಾರೆ.

* ಡೈರಿ ಬರೆಯಬೇಕು. ಯಾವ ಬೆಳೆ, ಏನು ಗೊಬ್ಬರ, ಕೊನೇ ಸಲ ಔಷಧಿ ಹೊಡೆದದ್ದು ಯಾವತ್ತು. ಔಷಧಿ ಡಬ್ಬಿ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಅದನ್ನು ಪಾಲಿಸಿದ್ದೇವೆ ಅಂತ ತೋರಿಸೋಕೆ ಈ ಡೈರಿ ಬೇಕು.

* ಸುಳ್ಳು ಬೇಡ. ಸಾವಯವ ಅಲ್ಲದಿದ್ದರೆ ‘ಔಷಧಿ ಕಮ್ಮಿ, ಇಷ್ಟು ದಿನ ಬಿಟ್ಟು ಕೊಯ್ದದ್ದು’ ಅಂತಲೇ ಹೇಳಿ. ಅದಕ್ಕೂ ಗಿರಾಕಿ ಇದ್ದಾರೆ. ಮಂಡಿಯಿಂದ ತಂದ ಮಾಲನ್ನು ತಮ್ಮ ತೋಟದ್ದು ಅಂತ ಒಂದು ವಾರ ಮಾರಿದರೂ ಮುಂದಿನ ವಾರ ಗ್ರೂಪ್‌ನಲ್ಲಿ ಗೊತ್ತಾಗುತ್ತೆ.

ಬೆಂಗಳೂರಿನ ನೆಂಟರಿಗೆ ಹೇಳಿ

ನಮ್ಮ ತಾಲ್ಲೂಕುಗಳಲ್ಲಿ ಒಬ್ಬರಾದರೂ ಬೆಂಗಳೂರಲ್ಲಿ ಇಲ್ಲದ ಮನೆ ಕಮ್ಮಿ. ಅವರಿಗೆ ಕೆಲವು ಮಾತು ತಲುಪಿಸಬಹುದು. ಅವರೆಕಾಯಿ ಚಳಿಗಾಲದಲ್ಲಿ, ಮಾವು ಬೇಸಿಗೆಯಲ್ಲಿ ಕೇಳಿ, ವರ್ಷವಿಡೀ ಎಲ್ಲ ಕೇಳಬೇಡಿ. ಸೊಟ್ಟ ಬದನೆಕಾಯಿ, ಸಣ್ಣ ಟೊಮೇಟೊ ಬೇಡ ಅನ್ನಬೇಡಿ. ‘ಆರ್ಗ್ಯಾನಿಕ್’ ಬೋರ್ಡ್ ನೋಡಿ ನಿಲ್ಲದೆ ಯಾವ ಊರು, ಯಾರ ಹೊಲ ಅಂತ ಕೇಳಿ. ಒಮ್ಮೆ ಕೊಂಡು ಬಿಡೋದಕ್ಕಿಂತ ಪ್ರತಿ ವಾರ ಸ್ವಲ್ಪ ಕೊಳ್ಳಿ. ವಾರಕ್ಕೆ 40 ಮನೆಗಳ ಆರ್ಡರ್ ತಪ್ಪದೆ ಬಂದರೆ ಒಂದು ಟೆಂಪೊ ಬಾಡಿಗೆಗೆ ಧೈರ್ಯ ಮಾಡುವ ರೈತರು ಊರಲ್ಲಿ ಇದ್ದೇ ಇರ್ತಾರೆ.

ಪಿಜಿಎಸ್ ಗುಂಪು, ಮಣ್ಣು-ನೀರಿನ ಪರೀಕ್ಷೆ, ರಾಗಿ ಖರೀದಿ ನೋಂದಣಿಯ ಮಾಹಿತಿಗೆ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಮಾವು ಮತ್ತು ತರಕಾರಿಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ಪಹಣಿ, ಆಧಾರ್, ಎಫ್‌ಐಡಿ ನಂಬರ್ ಜೊತೆಗಿರಲಿ.